ಕಡಲಿನ ಮೇಲೆ ಆರೋಪ, ಕಾಡಿನ ಮೇಲೆ ಕೊಡಲಿ

ಬ್ರೆಜಿಲ್ ದೇಶದಲ್ಲಿ, ಅಮೆಜಾನ್ ಮಳೆಕಾಡಿನ ನಡುವೆ, ಮನೌಸ್ ಎಂಬ ನಗರವಿದೆ. ಅಲ್ಲಿನ ಬಂದರಿನಲ್ಲಿ ರಿಯೊ ನೀಗ್ರೊ ನದಿಯ ಮಟ್ಟವನ್ನು 1902ರಿಂದ ಅಳೆದು ಬರೆದಿಡಲಾಗುತ್ತಿದೆ. 2021ರ ಜೂನ್ ತಿಂಗಳಲ್ಲಿ ಆ ಮಟ್ಟ 30 ಮೀಟರ್ ದಾಟಿತು. ದಾಖಲೆ ಆರಂಭವಾದಂದಿನಿಂದ ಅಷ್ಟು ದೊಡ್ಡ ನೆರೆ ಬಂದಿರಲಿಲ್ಲ. ಎರಡೇ ವರ್ಷಗಳ ಬಳಿಕ, 2023ರ ಅಕ್ಟೋಬರ್ ಕೊನೆಯ ವಾರದಲ್ಲಿ, ಅದೇ ನದಿ 12.70 ಮೀಟರಿಗೆ ಕುಸಿಯಿತು. ಅಷ್ಟು ಕೆಳಮಟ್ಟವೂ ಹಿಂದೆಂದೂ ದಾಖಲಾಗಿರಲಿಲ್ಲ. 2024ರ ಅಕ್ಟೋಬರಿನಲ್ಲಿ ಆ ದಾಖಲೆಯೂ ಮುರಿದು ನೀರು 12.11 ಮೀಟರಿಗೆ ಇಳಿಯಿತು.

ಜಗತ್ತಿನ ಅತಿದೊಡ್ಡ ನದೀವ್ಯವಸ್ಥೆಯ ನಡುವೆ ವಾಸಿಸುವ ಜನ ಕುಡಿಯುವ ನೀರಿಗೆ ಪರದಾಡಿದರು. ದೋಣಿಯೇ ಬಸ್ಸು, ದೋಣಿಯೇ ಆಂಬುಲೆನ್ಸ್ ಆಗಿರುವ ನದೀತೀರದ ಹಳ್ಳಿಗಳು ಕೆಸರಿನ ಬಯಲಿನಾಚೆ ಒಂಟಿಯಾದವು. ಟೆಫೆ ಎಂಬ ಸರೋವರದ ನೀರು 2023ರ ಸೆಪ್ಟೆಂಬರಿನಲ್ಲಿ 39 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಯಿತು. ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ಸಿಹಿನೀರಿನ ಡಾಲ್ಫಿನ್‌ಗಳು ಸತ್ತು ತೇಲಿದವು. ಅಮೆಜೋನಾಸ್ ರಾಜ್ಯದ 62 ಪುರಸಭಾ ಪ್ರದೇಶಗಳಲ್ಲಿ ಬಹುತೇಕ ಎಲ್ಲವೂ ತುರ್ತು ಪರಿಸ್ಥಿತಿಗೆ ಒಳಗಾದವು.

ಈ ಅನಾಹುತಕ್ಕೆ ಒಂದು ವಿವರಣೆ ಮೊದಲೇ ಸಿದ್ಧವಾಗಿತ್ತು: ಎಲ್ ನಿನೋ. ದೂರದ ಪೆಸಿಫಿಕ್ ಸಾಗರ ಬಿಸಿಯಾಯಿತು, ಆದ್ದರಿಂದ ಅಮೆಜಾನಿಗೆ ಮಳೆ ಬರಲಿಲ್ಲ, ಮನುಷ್ಯರು ಮಾಡುವುದಾದರೂ ಏನು? ಈ ಮಾತು ಸುಳ್ಳಲ್ಲ, ಅರ್ಧ ಸತ್ಯ. ಅರ್ಧ ಸತ್ಯವನ್ನು ಪೂರ್ಣ ಸತ್ಯವೆಂದು ಮಾರಿದಾಗ ಅದರ ಲಾಭ ಯಾರಿಗೆ ಸಲ್ಲುತ್ತದೆಂದು ಕೇಳಲೇಬೇಕಾಗುತ್ತದೆ. ಕಡಲನ್ನು ಕಟಕಟೆಗೆ ತಂದು ನಿಲ್ಲಿಸಿದರೆ ಅದು ಉತ್ತರ ಕೊಡುವುದಿಲ್ಲ, ದಂಡವನ್ನೂ ಕಟ್ಟುವುದಿಲ್ಲ. ಆ ಗದ್ದಲದಲ್ಲಿ ಕೊಡಲಿ ಹಿಡಿದವರು ಹಿಂಬಾಗಿಲಿನಿಂದ ಹೊರನಡೆಯುತ್ತಾರೆ.

ಕಡಲು ಮಾಡುವ ಕೆಲಸ

ಮೊದಲು ಕಡಲಿನ ಪಾತ್ರವನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಗಾಳಿ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಅದು ಪೆಸಿಫಿಕ್ ಸಾಗರದ ಬಿಸಿ ಮೇಲ್ನೀರನ್ನು ಇಂಡೋನೇಷ್ಯಾದ ಕಡೆಗೆ ತಳ್ಳುತ್ತದೆ. ಇತ್ತ ಪೆರು ದೇಶದ ಕರಾವಳಿಯಲ್ಲಿ ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಬಿಸಿನೀರಿನ ಮೇಲಿನ ಗಾಳಿ ತೇವ ಹೊತ್ತು ಮೇಲೇರಿ ಮೋಡವಾಗುತ್ತದೆ. ಗಾಳಿ ಹೀಗೆ ಮೇಲೇರುವ ಜಾಗಗಳಲ್ಲಿ ಇಂಡೋನೇಷ್ಯಾ ಒಂದು, ಅಮೆಜಾನ್ ಇನ್ನೊಂದು. ಗಾಳಿ ಕೆಳಗಿಳಿಯುವ ಜಾಗದಲ್ಲಿ ಮೋಡ ಕಟ್ಟುವುದಿಲ್ಲ.

ಕೆಲವು ವರ್ಷಗಳಿಗೊಮ್ಮೆ ಈ ಗಾಳಿ ಸೋಲುತ್ತದೆ. ಪಶ್ಚಿಮದಲ್ಲಿ ಶೇಖರವಾಗಿದ್ದ ಬಿಸಿನೀರು ಪೂರ್ವಕ್ಕೆ ಹರಡುತ್ತದೆ. ಇದು ಕ್ರಿಸ್‌ಮಸ್ ಹೊತ್ತಿಗೆ ಕಾಣಿಸಿಕೊಳ್ಳುವುದರಿಂದ ಪೆರುವಿನ ಮೀನುಗಾರರು ಬಾಲಯೇಸುವನ್ನು ನೆನೆದು ಇದಕ್ಕೆ ಎಲ್ ನಿನೋ, ಅಂದರೆ ‘ಗಂಡುಮಗು’, ಎಂದು ಹೆಸರಿಟ್ಟರು. ಆಗ ಗಾಳಿ ಮೇಲೇರುವ ತಾಣ ನಡುಸಾಗರಕ್ಕೆ ಸರಿಯುತ್ತದೆ. ಉತ್ತರ ಮತ್ತು ಪೂರ್ವ ಅಮೆಜಾನಿನ ಮೇಲೆ ಗಾಳಿ ಕೆಳಮುಖವಾಗಿ ಒತ್ತಿ ಮಳೆಯನ್ನು ತಡೆಯುತ್ತದೆ. ಇದಕ್ಕೆ ಪ್ರತಿಯಾದ ಲಾ ನಿನಾ ಅವಸ್ಥೆಯಲ್ಲಿ ಅಲ್ಲಿ ಮಳೆ ಹೆಚ್ಚುತ್ತದೆ. 2020ರಿಂದ 2022ರವರೆಗೆ ಲಾ ನಿನಾ ಸತತವಾಗಿ ಕಾಡಿತು. 2021ರ ಮನೌಸ್ ನೆರೆ ಬಂದದ್ದು ಅದೇ ಅವಧಿಯಲ್ಲಿ.

ಆದರೆ ಅಮೆಜಾನಿನ ಮಳೆಯ ಕೀಲಿಕೈ ಪೆಸಿಫಿಕ್ ಒಂದರ ಬಳಿಯೇ ಇಲ್ಲ. ಕಾಡಿಗೆ ತೇವ ತರುವ ಗಾಳಿ ಬೀಸುವುದು ಅಟ್ಲಾಂಟಿಕ್ ಸಾಗರದಿಂದ. ಆ ಸಾಗರದ ಉತ್ತರ ಭಾಗ ದಕ್ಷಿಣ ಭಾಗಕ್ಕಿಂತ ಅತಿಯಾಗಿ ಬಿಸಿಯಾದರೆ, ಸಮಭಾಜಕದ ಬಳಿಯ ಮಳೆಮೋಡಗಳ ಪಟ್ಟಿ ಬಿಸಿನೀರನ್ನು ಹಿಂಬಾಲಿಸಿ ಉತ್ತರಕ್ಕೆ ಸರಿದುಬಿಡುತ್ತದೆ. ಆಗ ದಕ್ಷಿಣ ಮತ್ತು ನೈಋತ್ಯ ಅಮೆಜಾನ್ ಒಣಗುತ್ತದೆ. 2005ರಲ್ಲಿ ನಡೆದದ್ದು ಇದೇ. ಆ ವರ್ಷ ಪ್ರಬಲ ಎಲ್ ನಿನೋ ಇರಲಿಲ್ಲ. ಉತ್ತರ ಅಟ್ಲಾಂಟಿಕಿನ ಉಷ್ಣವಲಯದ ನೀರು ಮಾತ್ರ ವಿಪರೀತ ಕಾದಿತ್ತು. ಅದೇ ನೀರಿನ ಶಾಖದಿಂದ ಬಲ ಪಡೆದ ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿತು.

2005ರ ಬರವನ್ನು ನೂರು ವರ್ಷಕ್ಕೊಮ್ಮೆ ಬರುವಂಥದ್ದೆಂದು ಆಗ ಬಣ್ಣಿಸಲಾಯಿತು. ಐದೇ ವರ್ಷಗಳಲ್ಲಿ, 2010ರಲ್ಲಿ, ಅದಕ್ಕಿಂತ ವಿಸ್ತಾರವಾದ ಬರ ಬಂದಿತು. 2015-16ರಲ್ಲಿ ಪ್ರಬಲ ಎಲ್ ನಿನೋ ಜೊತೆಗೆ ಮತ್ತೊಂದು ಬರ. 2023ರಲ್ಲಿ ಎಲ್ ನಿನೋ ಮತ್ತು ಬಿಸಿಯೇರಿದ ಅಟ್ಲಾಂಟಿಕ್ ಎರಡೂ ಒಟ್ಟಿಗೆ ಬಂದವು. ‘ಶತಮಾನದ ಬರ’ ಎರಡು ದಶಕಗಳೊಳಗೆ ನಾಲ್ಕು ಸಲ ಬಂದರೆ ಶತಮಾನ ಎಂಬ ಪದಕ್ಕೆ ಅರ್ಥವೇ ಉಳಿಯುವುದಿಲ್ಲ.

ಧಾತು-ಈಶ್ವರದ ಬರ ಮತ್ತು ರಬ್ಬರಿನ ಕಾಡು

ಕಡಲಿನ ಈ ಗುಟ್ಟು ಬಯಲಾಗುವುದಕ್ಕೂ ಕನ್ನಡ ನಾಡಿಗೂ ನೇರ ಸಂಬಂಧವಿದೆ. 1876-78ರ ಮಹಾ ಎಲ್ ನಿನೋ ದಕ್ಷಿಣ ಭಾರತದ ಮುಂಗಾರನ್ನು ಕೆಡಿಸಿತು. ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ, ಎಂದರೆ ಐವರಲ್ಲಿ ಒಬ್ಬರು, ಸತ್ತರು. ಹಳೆಯ ಮೈಸೂರಿನ ಹಿರಿಯರು ‘ಧಾತು-ಈಶ್ವರದ ಬರ’ ಎಂದು ಹೇಳುತ್ತಿದ್ದದ್ದು ಇದನ್ನೇ. ಇಂಥ ಕ್ಷಾಮಗಳನ್ನು ಮುಂಚಿತವಾಗಿ ತಿಳಿಯುವ ದಾರಿ ಹುಡುಕುತ್ತ, 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಜಗತ್ತಿನ ವಾಯುಭಾರದ ಅಂಕಿಗಳನ್ನು ತುಲನೆ ಮಾಡಿದರು. ಪೆಸಿಫಿಕ್ಕಿನ ಎರಡು ಬದಿಗಳಲ್ಲಿ ವಾಯುಭಾರ ತಕ್ಕಡಿಯಂತೆ ಏರಿಳಿಯುವುದನ್ನು ಕಂಡು ‘ದಕ್ಷಿಣದ ತೂಗಾಟ’ ಎಂದು ಹೆಸರಿಟ್ಟರು. ಈ ತೂಗಾಟಕ್ಕೂ ಕಡಲಿನ ಎಲ್ ನಿನೋಗೂ ಇರುವ ನಂಟನ್ನು 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ವಿವರಿಸಿದರು.

ಅದೇ 1877ರಿಂದ 1879ರ ಅವಧಿಯಲ್ಲಿ ಈಶಾನ್ಯ ಬ್ರೆಜಿಲಿನ ಸಿಯಾರಾ ಪ್ರಾಂತ್ಯವೂ ಬೆಂದುಹೋಯಿತು. ಅಲ್ಲಿನವರು ಅದನ್ನು ‘ಮಹಾ ಬರ’ ಎಂದೇ ಕರೆಯುತ್ತಾರೆ. ಲಕ್ಷಾಂತರ ಜನ ಸತ್ತರು. ಬದುಕುಳಿದವರಲ್ಲಿ ಸಾವಿರಾರು ಮಂದಿಯನ್ನು ಹಡಗು ಹತ್ತಿಸಿ ಅಮೆಜಾನಿಗೆ ಸಾಗಿಸಿ, ರಬ್ಬರ್ ಹಾಲು ತೆಗೆಯುವ ಕೂಲಿಗಳನ್ನಾಗಿ ಮಾಡಲಾಯಿತು. ಮೈಸೂರಿನ ರೈತನ ಹೊಲವನ್ನೂ ಸಿಯಾರಾದ ರೈತನ ಹೊಲವನ್ನೂ ಒಣಗಿಸಿದ್ದು ಒಂದೇ ಕಡಲು.

ಆದರೆ ಸಾವಿಗೆ ಕಡಲೊಂದೇ ಕಾರಣವಾಗಿರಲಿಲ್ಲ. ದಕ್ಷಿಣ ಭಾರತದಲ್ಲಿ ಜನ ಹಸಿವಿನಿಂದ ಬೀಳುತ್ತಿದ್ದಾಗಲೂ ಈ ದೇಶದ ಬಂದರುಗಳಿಂದ ಧಾನ್ಯ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಮಳೆಯನ್ನು ತಡೆದದ್ದು ಪ್ರಕೃತಿಯಾದರೂ ಬರವನ್ನು ಕ್ಷಾಮವಾಗಿಸಿದ್ದು ಅಂದಿನ ಆಡಳಿತ. ವಸಾಹತು ಸರ್ಕಾರಕ್ಕೂ ಆಗ ‘ಮುಂಗಾರು ಕೈಕೊಟ್ಟಿತು’ ಎಂಬ ಸಬೂಬು ಅನುಕೂಲವಾಗಿತ್ತು. ಒಂದೂವರೆ ಶತಮಾನದ ಬಳಿಕ ಮುಂಗಾರಿನ ಜಾಗಕ್ಕೆ ಎಲ್ ನಿನೋ ಎಂಬ ಹೆಸರು ಬಂದಿದೆ. ಸಬೂಬು ಮಾತ್ರ ಹಳೆಯದೇ.

ಕಾಡು ಮಳೆಯನ್ನು ಕರೆಯುತ್ತದೆ

ಮಳೆಯಿಂದ ಕಾಡು ಬೆಳೆಯುತ್ತದೆಂದು ಎಲ್ಲರಿಗೂ ಗೊತ್ತು. ಕಾಡಿನಿಂದ ಮಳೆ ಬರುತ್ತದೆಂದು ಹೇಳಿದರೆ ಅದನ್ನು ಹಳ್ಳಿಯವರ ಮೂಢನಂಬಿಕೆಯೆಂದು ತಳ್ಳಿಹಾಕುವ ತಜ್ಞರಿದ್ದರು. ಬ್ರೆಜಿಲಿನ ವಿಜ್ಞಾನಿ ಎನಿಯಾಸ್ ಸಲಾಟಿ 1970ರ ದಶಕದಲ್ಲಿ ಈ ವಾದಕ್ಕೆ ಅಳತೆಯ ಮೂಲಕ ಉತ್ತರ ಕೊಟ್ಟರು. ಅಟ್ಲಾಂಟಿಕ್ ದಡದಿಂದ ಒಳನಾಡಿನವರೆಗೆ ಬಿದ್ದ ಮಳೆನೀರಿನಲ್ಲಿ ಆಮ್ಲಜನಕದ ಹಗುರ ಮತ್ತು ಭಾರ ಪರಮಾಣುಗಳ ಪ್ರಮಾಣವನ್ನು ಅವರು ಅಳೆದರು. ನೀರೆಲ್ಲ ಕಡಲಿನಿಂದ ನೇರವಾಗಿ ಬಂದಿದ್ದರೆ ಒಳನಾಡಿಗೆ ಹೋದಂತೆ ಆ ಪ್ರಮಾಣ ಬಹಳವಾಗಿ ಬದಲಾಗಬೇಕಿತ್ತು. ಹಾಗಾಗಿರಲಿಲ್ಲ. ಬಿದ್ದ ಮಳೆಯನ್ನು ಕಾಡು ಮತ್ತೆ ಮತ್ತೆ ಆವಿಯಾಗಿ ಮೇಲಕ್ಕೆ ಕಳುಹಿಸುತ್ತಿತ್ತು. ಅಮೆಜಾನ್ ಮಳೆಯ ಸುಮಾರು ಅರ್ಧದಷ್ಟು ಕಾಡಿನದೇ ಕೊಡುಗೆ ಎಂದು ಅವರು ಲೆಕ್ಕ ಹಾಕಿದರು. ಬಳಿಕದ ಅಧ್ಯಯನಗಳು ಕಾಲುಭಾಗದಿಂದ ಅರ್ಧದವರೆಗೆ ಬೇರೆ ಬೇರೆ ಅಂಕಿ ಕೊಟ್ಟಿವೆಯಾದರೂ ಮೂಲ ಮಾತು ಅಲುಗಾಡಿಲ್ಲ.

ಇದನ್ನು ಸರಳವಾಗಿ ಹೀಗೆ ನೋಡಬಹುದು. ಕಡಲಿನಿಂದ ಹೊರಟ ತೇವ ಪೂರ್ವದ ಕಾಡಿನ ಮೇಲೆ ಮಳೆಯಾಗುತ್ತದೆ. ಮರಗಳು ಅದನ್ನು ಬೇರಿನಿಂದ ಹೀರಿ ಎಲೆಗಳಿಂದ ಬಿಡುತ್ತವೆ. ಗಾಳಿ ಆ ಆವಿಯನ್ನು ಇನ್ನಷ್ಟು ಪಶ್ಚಿಮಕ್ಕೆ ಒಯ್ದು ಮತ್ತೆ ಸುರಿಸುತ್ತದೆ. ಆಂಡಿಸ್ ಪರ್ವತದ ಬುಡ ಮುಟ್ಟುವಷ್ಟರಲ್ಲಿ ಇದು ಹಲವು ಸಲ ಪುನರಾವರ್ತನೆಯಾಗುತ್ತದೆ. ಪರ್ವತಕ್ಕೆ ಬಡಿದ ತೇವ ದಕ್ಷಿಣಕ್ಕೆ ತಿರುಗಿ ಪರಾಗ್ವೆ, ದಕ್ಷಿಣ ಬ್ರೆಜಿಲ್, ಉತ್ತರ ಅರ್ಜೆಂಟೀನಾಗಳ ಹೊಲಗಳಿಗೂ ತಲುಪುತ್ತದೆ. ಇವುಗಳನ್ನು ‘ಹಾರುವ ನದಿಗಳು’ ಎನ್ನುತ್ತಾರೆ. ದೊಡ್ಡ ಮರವೊಂದು ದಿನಕ್ಕೆ ಸಾವಿರ ಲೀಟರಿನವರೆಗೆ ನೀರನ್ನು ಆವಿಯಾಗಿ ಬಿಡಬಲ್ಲದು. ಇಡೀ ಕಾಡು ಒಂದು ದಿನದಲ್ಲಿ ಬಾನಿಗೆ ಕಳುಹಿಸುವ ನೀರು ಸುಮಾರು 2,000 ಕೋಟಿ ಟನ್ ಎಂದು ವಿಜ್ಞಾನಿ ಆಂಟೋನಿಯೊ ನೊಬ್ರೆ 2014ರ ವರದಿಯಲ್ಲಿ ಲೆಕ್ಕ ಕೊಟ್ಟರು. ಅದು ಅಮೆಜಾನ್ ನದಿ ದಿನವೊಂದರಲ್ಲಿ ಕಡಲಿಗೆ ಸುರಿಯುವ ನೀರಿಗಿಂತ ಹೆಚ್ಚು.

2017ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆ ಇನ್ನೂ ಮುಖ್ಯ. ದಕ್ಷಿಣ ಅಮೆಜಾನಿನಲ್ಲಿ ಮಳೆಗಾಲ ಶುರುವಾಗುವುದು ಸಮಭಾಜಕದ ಮಳೆಪಟ್ಟಿ ಅಲ್ಲಿಗೆ ಬರುವುದಕ್ಕೆ ಎರಡು ಮೂರು ತಿಂಗಳು ಮೊದಲೇ. ಅದಕ್ಕೆ ಬೇಕಾದ ತೇವ ಎಲ್ಲಿಂದ ಬರುತ್ತದೆ? ಉಪಗ್ರಹದಿಂದ ಆವಿಯ ಗುರುತು ಹಿಡಿದು ನೋಡಿದಾಗ ಅದು ಮರಗಳು ಬಿಟ್ಟ ಆವಿಯೆಂದು ತಿಳಿಯಿತು. ಬೇಸಗೆಯ ಕೊನೆಯಲ್ಲಿ ಕಾಡು ಚಿಗುರಿ, ಆಳದ ನೀರನ್ನು ಮೇಲೆತ್ತಿ ಬಾನಿಗೆ ತೇವ ತುಂಬುತ್ತದೆ. ಆ ತೇವ ಸಣ್ಣ ಮೋಡಗಳಾಗಿ ವಾತಾವರಣವನ್ನು ಹದಮಾಡಿ ದೊಡ್ಡ ಮಳೆಗೆ ದಾರಿ ಮಾಡಿಕೊಡುತ್ತದೆ. ಕಾಡು ಮಳೆಯನ್ನು ಕರೆಯುತ್ತದೆ ಎಂಬುದು ಅಲ್ಲಿ ಕವಿಕಲ್ಪನೆಯಲ್ಲ, ಅಳೆದು ತೋರಿಸಿದ ಸಂಗತಿ.

ಬೇಸಗೆಯಲ್ಲಿ ಈ ಕೆಲಸ ಸಾಧ್ಯವಾಗುವುದು ಬೇರುಗಳಿಂದ. ಪೂರ್ವ ಅಮೆಜಾನಿನ ಮರಗಳ ಬೇರು ಎಂಟು ಮೀಟರಿಗಿಂತ ಆಳಕ್ಕೆ ಇಳಿದು ನೀರೆತ್ತುವುದನ್ನು 1990ರ ದಶಕದಲ್ಲೇ ಗುರುತಿಸಲಾಗಿದೆ. ಅದೇ ಜಾಗದಲ್ಲಿ ಕಾಡು ಕಡಿದು ಹುಲ್ಲು ಬಿತ್ತಿದರೆ ಬೇರು ಮೇಲ್ಮಣ್ಣಿನಲ್ಲೇ ನಿಲ್ಲುತ್ತದೆ. ಮಳೆ ನಿಂತ ಕೆಲವೇ ವಾರಗಳಲ್ಲಿ ಹುಲ್ಲು ಒಣಗುತ್ತದೆ, ಬಾನಿಗೆ ತೇವ ಹೋಗುವುದು ನಿಲ್ಲುತ್ತದೆ. ಕಡಲು ಕಡಿಮೆ ಕೊಟ್ಟ ವರ್ಷದಲ್ಲಿ ಆಳದ ನೀರನ್ನು ಎತ್ತಿಕೊಟ್ಟು ಕೊರತೆ ತುಂಬುವ ಶಕ್ತಿ ಇರುವುದು ಕಾಡಿಗೆ ಮಾತ್ರ.

ಕೊಡಲಿಯ ಲೆಕ್ಕ

1970ರ ದಶಕದಲ್ಲಿ ಬ್ರೆಜಿಲಿನ ಸೇನಾ ಸರ್ಕಾರ ಅಮೆಜಾನನ್ನು ಅಡ್ಡ ಸೀಳುವ ಹೆದ್ದಾರಿ ಮಾಡಿತು. ಜನರಿಲ್ಲದ ಭೂಮಿಗೆ ಭೂಮಿಯಿಲ್ಲದ ಜನರನ್ನು ಕಳುಹಿಸುವುದೆಂಬುದು ಆಗಿನ ಘೋಷಣೆ. ಆ ನೆಲ ‘ಜನರಿಲ್ಲದ’ ನೆಲವಾಗಿರಲಿಲ್ಲ. ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಅಲ್ಲಿದ್ದರು. ರಸ್ತೆ ಹೋದಲ್ಲೆಲ್ಲ ಗರಗಸ ಹೋಯಿತು. ಕಾಡು ಕಡಿದ ನೆಲದ ಬಹುಪಾಲು ಮಾಂಸದ ದನಗಳ ಹುಲ್ಲುಗಾವಲಾಯಿತು. ಸೋಯಾ ಬೆಳೆ ಅದರ ಬೆನ್ನಿಗೇ ಬಂದಿತು. ಅಮೆಜಾನ್ ಕಾಡಿನಲ್ಲಿ ಆರನೆಯ ಒಂದು ಭಾಗಕ್ಕೂ ಹೆಚ್ಚು ಈಗಾಗಲೇ ನಾಶವಾಗಿದೆ. ಕಡಿತ ಶೇಕಡಾ 20ರಿಂದ 25ರ ಮಟ್ಟ ಮುಟ್ಟಿದರೆ ಪೂರ್ವ, ದಕ್ಷಿಣ ಮತ್ತು ಮಧ್ಯ ಅಮೆಜಾನ್ ಮರಳಿ ಮಳೆಕಾಡಾಗದೆ ಕುರುಚಲು ಬಯಲಾಗಬಹುದೆಂದು ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೊಬ್ರೆ 2018ರಲ್ಲಿ ಎಚ್ಚರಿಸಿದರು.

ಅದರ ಸೂಚನೆಗಳು ಈಗಲೇ ಕಾಣುತ್ತಿವೆ. ದಕ್ಷಿಣ ಅಮೆಜಾನಿನ ಬೇಸಗೆ 1979ರಿಂದ ದಶಕಕ್ಕೆ ಸುಮಾರು ಆರೂವರೆ ದಿನದಂತೆ ಉದ್ದವಾಗಿದೆಯೆಂದು 2013ರ ಅಧ್ಯಯನವೊಂದು ತೋರಿಸಿತು. ಬ್ರೆಜಿಲಿನ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಲುಸಿಯಾನಾ ಗಟ್ಟಿ ಮತ್ತು ಸಂಗಡಿಗರು ಒಂಬತ್ತು ವರ್ಷ ವಿಮಾನದಿಂದ ಗಾಳಿಯ ಮಾದರಿ ಸಂಗ್ರಹಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಅತಿ ಹೆಚ್ಚು ಕಡಿತವಾದ ಆಗ್ನೇಯ ಅಮೆಜಾನ್ ಇಂಗಾಲವನ್ನು ಹೀರುವ ಬದಲು ಹೊರಬಿಡತೊಡಗಿದೆ. ಬೇಸಗೆ ಅತಿ ಬಿಸಿಯಾಗಿ ಅತಿ ಒಣಗಿರುವುದೂ ಅಲ್ಲಿಯೇ. ಎಲ್ ನಿನೋ ಇಡೀ ಅಮೆಜಾನಿನ ಮೇಲೆ ಹಾಯುತ್ತದೆ. ಪೆಟ್ಟು ಹೆಚ್ಚು ಬೀಳುವುದು ಮಾತ್ರ ಕಾಡು ಹೋದ ಕಡೆ.

ಕಡಿತವನ್ನು ನಿಲ್ಲಿಸಲಾಗದೆಂಬ ಮಾತೂ ಸುಳ್ಳು. 2004ರಲ್ಲಿ ಒಂದೇ ವರ್ಷದಲ್ಲಿ 27,772 ಚದರ ಕಿಲೋಮೀಟರ್ ಕಾಡು ಹೋಯಿತು. ಮರೀನಾ ಸಿಲ್ವಾ ಪರಿಸರ ಸಚಿವೆಯಾಗಿದ್ದ ಆ ಹೊತ್ತಿನಲ್ಲಿ ಉಪಗ್ರಹದ ಕಾವಲು, ದಂಡ, ಸಾಲಕ್ಕೆ ತಡೆ, ಹೊಸ ರಕ್ಷಿತ ಪ್ರದೇಶಗಳನ್ನೊಳಗೊಂಡ ಕ್ರಿಯಾಯೋಜನೆ ಆರಂಭವಾಯಿತು. 2006ರಲ್ಲಿ, ಹೊಸದಾಗಿ ಕಡಿದ ಕಾಡಿನ ಸೋಯಾ ಕೊಳ್ಳುವುದಿಲ್ಲವೆಂಬ ಒಪ್ಪಂದಕ್ಕೆ ವ್ಯಾಪಾರಿಗಳು ಬಂದರು. 2012ರ ಹೊತ್ತಿಗೆ ವಾರ್ಷಿಕ ಕಡಿತ 4,571 ಚದರ ಕಿಲೋಮೀಟರಿಗೆ ಇಳಿಯಿತು. ಈ ಅವಧಿಯಲ್ಲಿ ಕಡಲು ಕರುಣೆ ತೋರಿರಲಿಲ್ಲ; 2005 ಮತ್ತು 2010ರ ಭೀಕರ ಬರಗಳೆರಡೂ ಬಂದದ್ದು ಆಗಲೇ. ಸೋಯಾ ಮತ್ತು ಮಾಂಸದ ಉತ್ಪಾದನೆಯೂ ಕುಸಿಯಲಿಲ್ಲ. ಬದಲಾದದ್ದು ಸರ್ಕಾರದ ನೀತಿ ಮಾತ್ರ.

ನೀತಿ ಮತ್ತೆ ತಿರುಗಿದಾಗ ಅಂಕಿಯೂ ತಿರುಗಿತು. 2019ರಲ್ಲಿ ಅಧಿಕಾರಕ್ಕೆ ಬಂದ ಬೊಲ್ಸನಾರೊ ಸರ್ಕಾರಕ್ಕೆ ಕಾಡಿನ ಕಡಿತಕ್ಕಿಂತ ಕಡಿತದ ಅಂಕಿಯೇ ದೊಡ್ಡ ತಲೆನೋವಾಯಿತು. ಬಾಹ್ಯಾಕಾಶ ಸಂಸ್ಥೆಯ ನಿರ್ದೇಶಕ ರಿಕಾರ್ಡೊ ಗಲ್ವಾವೊ ತಮ್ಮ ಸಂಸ್ಥೆಯ ಅಂಕಿಯನ್ನು ಸಮರ್ಥಿಸಿಕೊಂಡರು, ಹುದ್ದೆ ಕಳೆದುಕೊಂಡರು. 2021ರಲ್ಲಿ ಕಡಿತ 13,038 ಚದರ ಕಿಲೋಮೀಟರಿಗೆ ಏರಿತು. ಸರ್ಕಾರ ಬದಲಾದ ಬಳಿಕ 2024ರಲ್ಲಿ ಅದು 6,288ಕ್ಕೆ ಇಳಿಯಿತು. ಈ ಏರಿಳಿತ ಕಡಲಿನ ಉಷ್ಣಾಂಶದ್ದಲ್ಲ, ರಾಜಕೀಯ ಇಚ್ಛೆಯದು.

ಬೆಂಕಿಪೊಟ್ಟಣ ಯಾರ ಕೈಯಲ್ಲಿ?

ಬರದ ವರ್ಷಗಳಲ್ಲಿ ಅಮೆಜಾನ್ ಹೊತ್ತಿ ಉರಿಯುತ್ತದೆ. 1998ರ ಆರಂಭದಲ್ಲಿ, ಪ್ರಬಲ ಎಲ್ ನಿನೋ ನಡುವೆ, ಉತ್ತರದ ರೊರೈಮಾ ರಾಜ್ಯದಲ್ಲಿ ಸಾವಿರಾರು ಚದರ ಕಿಲೋಮೀಟರ್ ಕಾಡು ಸುಟ್ಟುಹೋಯಿತು. 2023ರ ಅಕ್ಟೋಬರಿನಲ್ಲಿ ಮನೌಸ್ ನಗರ ದಿನಗಟ್ಟಲೆ ಹೊಗೆಯಲ್ಲಿ ಮುಳುಗಿತು. 2024ರಲ್ಲಿ ಕೊಡಲಿಯ ಕಡಿತ ಇಳಿದರೂ ಬೆಂಕಿಯಿಂದ ಕಾಡಿನ ನಾಶ ವಿಪರೀತವಾಗಿ ಏರಿತು.

ತೇವದಿಂದ ತುಂಬಿದ ಮಳೆಕಾಡು ತಾನಾಗಿ ಉರಿಯುವುದು ತೀರ ವಿರಳ. ಕಡಿದ ಮರ ಸುಡಲು, ಹುಲ್ಲುಗಾವಲು ಹಸನು ಮಾಡಲು, ಸರ್ಕಾರಿ ನೆಲವನ್ನು ಒತ್ತುವರಿ ಮಾಡಲು ಹಚ್ಚಿದ ಬೆಂಕಿ ಒಣ ವರ್ಷದಲ್ಲಿ ಕೈಮೀರಿ ಒಳಕಾಡಿಗೆ ನುಗ್ಗುತ್ತದೆ. ಒಮ್ಮೆ ಸುಟ್ಟ ಕಾಡಿನಲ್ಲಿ ಬಿಸಿಲು ನೆಲಕ್ಕೆ ಬಿದ್ದು ತರಗೆಲೆ ಒಣಗಿ ಮುಂದಿನ ಬೆಂಕಿಗೆ ಹಾಸಿಗೆಯಾಗುತ್ತದೆ. ಎಲ್ ನಿನೋ ತರಗೆಲೆಯನ್ನು ಒಣಗಿಸಬಲ್ಲದು, ಕಡ್ಡಿ ಗೀರಲಾರದು.

ಮೂರು ಸಬೂಬುಗಳು

ಎಲ್ ನಿನೋ ಸಾವಿರಾರು ವರ್ಷಗಳಿಂದ ಬರುತ್ತಿದೆ, ಕಾಡು ಬದುಕಿಯೇ ಇದೆ, ಆದ್ದರಿಂದ ಗಾಬರಿ ಬೇಡವೆಂಬುದು ಮೊದಲನೆಯ ಸಬೂಬು. ಮೊದಲರ್ಧ ನಿಜ. ಆದರೆ ಆಗ ಕಾಡು ಅಖಂಡವಾಗಿತ್ತು. ಜ್ವರ ಆರೋಗ್ಯವಂತನಿಗೂ ಬರುತ್ತದೆ, ರಕ್ತ ಬಸಿದುಹೋದವನಿಗೂ ಬರುತ್ತದೆ. ಇಬ್ಬರೂ ಒಂದೇ ರೀತಿ ಚೇತರಿಸಿಕೊಳ್ಳುತ್ತಾರೆಂದು ಯಾವ ವೈದ್ಯರೂ ಹೇಳುವುದಿಲ್ಲ.

ಕಡಲಿನ ಉಷ್ಣಾಂಶ ಪ್ರಕೃತಿಯ ಆಟ, ಅದರಲ್ಲಿ ಮನುಷ್ಯರ ಕೈವಾಡವಿಲ್ಲವೆಂಬುದು ಎರಡನೆಯದು. ಎಲ್ ನಿನೋ ಸಹಜ ಏರಿಳಿತವೆಂಬುದು ಸರಿ. ಆದರೆ ಕಲ್ಲಿದ್ದಲು ಮತ್ತು ಪೆಟ್ರೋಲಿನ ಹೊಗೆಯಿಂದ ಭೂಮಿಯಲ್ಲಿ ಉಳಿದುಹೋದ ಹೆಚ್ಚುವರಿ ಶಾಖದ ಶೇಕಡಾ 90ಕ್ಕೂ ಹೆಚ್ಚನ್ನು ಕಡಲುಗಳು ನುಂಗಿಕೊಂಡಿವೆ. ಸಹಜ ಅಲೆ ಈಗ ಎತ್ತರಿಸಿದ ನೆಲದ ಮೇಲೆ ಏಳುತ್ತಿದೆ. 2023ರ ಅಮೆಜಾನ್ ಬರವನ್ನು ಪರಿಶೀಲಿಸಿದ ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು 2024ರ ಜನವರಿಯಲ್ಲಿ ತನ್ನ ನಿರ್ಣಯ ನೀಡಿತು. ಮಳೆ ಕಡಿಮೆಯಾಗುವುದರಲ್ಲಿ ಎಲ್ ನಿನೋ ಮತ್ತು ಹವಾಮಾನ ಬದಲಾವಣೆ ಹೆಚ್ಚುಕಡಿಮೆ ಸಮಪಾಲು ಹೊಂದಿದ್ದವು. ನೆಲದ ತೇವ ಆರಿಹೋಗುವುದರಲ್ಲಿ ಮಾತ್ರ ಮುಖ್ಯ ಪಾಲು ಹವಾಮಾನ ಬದಲಾವಣೆಯದು. ಅಂಥ ಬರ ಬರುವ ಸಾಧ್ಯತೆಯನ್ನು ಅದು ಸುಮಾರು 30 ಪಟ್ಟು ಹೆಚ್ಚಿಸಿತ್ತು. ಅಂದ ಮೇಲೆ ಕಡಲಿನ ಮೇಲೆ ಹೊರಿಸಿದ ಆರೋಪದಲ್ಲೂ ದೊಡ್ಡ ಪಾಲು ಚಿಮಣಿಗಳಿಗೆ ಸಲ್ಲಬೇಕು.

ಮೂರನೆಯದು ಅಭಿವೃದ್ಧಿಯ ಸಬೂಬು. ವಿದ್ಯುತ್ ಬೇಕು, ಡಾಲರ್ ಬೇಕು, ಉದ್ಯೋಗ ಬೇಕು. ಕಾಡು ಕಾಯುತ್ತ ಕುಳಿತರೆ ಹೊಟ್ಟೆ ತುಂಬುವುದೇ? ಇದಕ್ಕೆ ನದಿಗಳೇ ಉತ್ತರಿಸಿವೆ. ಮಡೈರಾ ನದಿಗೆ ಕಟ್ಟಿದ ಸಾಂಟೊ ಆಂಟೋನಿಯೊ ಜಲವಿದ್ಯುತ್ ಸ್ಥಾವರ 2023ರ ಅಕ್ಟೋಬರಿನಲ್ಲಿ ನೀರಿಲ್ಲದೆ ಯಂತ್ರ ನಿಲ್ಲಿಸಬೇಕಾಯಿತು. ಷಿಂಗು ನದಿಯ ಬೆಲೊ ಮೊಂಟೆ ಯೋಜನೆಯ ಸಾಮರ್ಥ್ಯ 11,233 ಮೆಗಾವ್ಯಾಟ್ ಎಂದು ಕಾಗದ ಹೇಳುತ್ತದೆ; ಬೇಸಗೆಯಲ್ಲಿ ಅದು ನೀಡುವುದು ಆ ಅಂಕಿಯ ಚಿಕ್ಕದೊಂದು ಪಾಲನ್ನು. ನದಿಗೆ ನೀರು ತುಂಬುವ ಕಾಡನ್ನು ಕಡಿದು ನದಿಗೆ ಅಣೆಕಟ್ಟು ಕಟ್ಟುವುದು ಹಸುವಿಗೆ ಮೇವು ನಿಲ್ಲಿಸಿ ಕೊಟ್ಟಿಗೆಗೆ ದೊಡ್ಡ ತಂಬಿಗೆ ತಂದಂತೆ.

ಕಾಡು ಇಟ್ಟುಕೊಂಡೇ ಹೊಟ್ಟೆ ತುಂಬಿಸಿಕೊಳ್ಳಬಹುದೆಂದು ತೋರಿಸಿದವರು ರಬ್ಬರ್ ಹಾಲು ತೆಗೆಯುವ ಬಡವರೇ. ಬರದಿಂದ ಅಟ್ಟಿಸಿಕೊಂಡು ಬಂದವರ ಸಂತತಿ ಅದು. ಆಕ್ರೆ ರಾಜ್ಯದಲ್ಲಿ 1970ರ ದಶಕದಿಂದ ಅವರು ಹೆಂಗಸರು ಮಕ್ಕಳ ಸಮೇತ ಗರಗಸದ ಎದುರು ಸಾಲಾಗಿ ನಿಂತರು. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಆಕ್ರೆಯ ಸುದ್ದಿ ಇಲ್ಲಿಗೆ ತಿಳಿದಿರಲಾರದು. ಆದರೂ ಎರಡೂ ಕಡೆಯ ಬುದ್ಧಿ ಒಂದೇ. ಆ ಚಳವಳಿಯ ನಾಯಕ ಚಿಕೊ ಮೆಂಡಿಸ್ ಅವರನ್ನು 1988ರ ಡಿಸೆಂಬರ್ 22ರಂದು ಶಪುರಿಯ ಅವರ ಮನೆಯ ಹಿತ್ತಲಲ್ಲಿ ಗುಂಡಿಟ್ಟು ಕೊಲ್ಲಲಾಯಿತು. 1990ರಲ್ಲಿ ಅವರ ಹೆಸರಿನ ಕಾಡು, ಜನರೇ ಬಳಸಿ ಕಾಯುವ ಮೀಸಲು ಪ್ರದೇಶವಾಯಿತು. ಸೋಯಾ ಹೊಲಗಳ ನಡುವೆ ಹಸಿರು ದ್ವೀಪದಂತೆ ಉಳಿದಿರುವ ಷಿಂಗು ಮೂಲನಿವಾಸಿ ಪ್ರದೇಶವನ್ನು ಉಪಗ್ರಹದ ಚಿತ್ರದಲ್ಲಿ ಯಾರು ಬೇಕಾದರೂ ನೋಡಬಹುದು. ಹಕ್ಕು ಮಾನ್ಯವಾದ ಕಡೆ ಕಾಡು ನಿಂತಿದೆ.

ಸಹ್ಯಾದ್ರಿಗೆ ಈ ಪಾಠ ಏಕೆ?

ಅಮೆಜಾನಿಗೆ ಅನ್ವಯಿಸುವ ಎಲ್ಲವನ್ನೂ ಸಹ್ಯಾದ್ರಿಗೆ ಹಾಗೆಯೇ ಅಂಟಿಸುವುದು ತಪ್ಪು. ಇಲ್ಲಿ ಅರಬ್ಬಿ ಸಮುದ್ರದ ಮುಂಗಾರು ಗಾಳಿ ಬೆಟ್ಟಕ್ಕೆ ಡಿಕ್ಕಿ ಹೊಡೆದು ಮಳೆಯಾಗುತ್ತದೆ. ಆಗುಂಬೆಯ ಮಳೆಯ ಬಹುಪಾಲು ಕಡಲಿನದೇ. ಆದರೆ ಘಟ್ಟದ ಕಾಡು ಬಿಡುವ ಆವಿ ತಮಿಳುನಾಡಿನ ಮುಂಗಾರು ಮಳೆಗೆ ಗಣನೀಯ ಪಾಲು ಸೇರಿಸುತ್ತದೆಂದು, ಮಳೆ ಕೊರತೆಯ ವರ್ಷಗಳಲ್ಲಿ ಆ ಪಾಲು ಇನ್ನೂ ಹೆಚ್ಚುತ್ತದೆಂದು ಮುಂಬಯಿಯ ಐಐಟಿಯ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಬಿದ್ದ ಮಳೆಯನ್ನು ಹಿಡಿದಿಟ್ಟು ಫೆಬ್ರವರಿ, ಮಾರ್ಚ್‌ನಲ್ಲಿ ಹಳ್ಳಕ್ಕೆ ಬಿಡುವ ಕೆಲಸವಂತೂ ಪೂರ್ತಿ ಕಾಡಿನದೇ.

ಎಲ್ ನಿನೋ ಇಲ್ಲಿಯೂ ವಿಧಿಲಿಖಿತವಲ್ಲ. 1997ರಲ್ಲಿ ಶತಮಾನದ ಪ್ರಬಲ ಎಲ್ ನಿನೋ ಬಂದರೂ ಭಾರತದ ಮುಂಗಾರು ಸರಾಸರಿಯಷ್ಟೇ ಸುರಿಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಬಿಸಿಯಾಗಿದ್ದುದು ಅದಕ್ಕೆ ಕಾರಣಗಳಲ್ಲೊಂದು. 2002ರಲ್ಲಿ ಎಲ್ ನಿನೋ ಅಷ್ಟೇನೂ ಪ್ರಬಲವಾಗಿರದಿದ್ದರೂ ದೇಶಕ್ಕೆ ಬರ ಬಂದಿತು. 2023ರಲ್ಲಿ ಅಮೆಜಾನನ್ನು ಒಣಗಿಸಿದ ಅದೇ ಎಲ್ ನಿನೋ ವರ್ಷದಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮಲೆನಾಡಿನ ಬಹುಪಾಲು ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ಮಲೆನಾಡಿಗೆ ಟ್ಯಾಂಕರ್ ನೀರು ಬರುವುದಾದರೆ ಕಾರಣವನ್ನು ಪೆರುವಿನ ಕರಾವಳಿಯಲ್ಲಿ ಮಾತ್ರ ಹುಡುಕಿದರೆ ಸಾಲದು. ಕಾನುಗಳು ಎಲ್ಲಿ ಹೋದವು, ಬೇಣಗಳಲ್ಲಿ ಅಕೇಶಿಯಾ ಹೇಗೆ ತುಂಬಿತು, ಸೊಪ್ಪಿನಬೆಟ್ಟಗಳು ಏಕೆ ಬೋಳಾದವು, ಒರತೆಯ ನೆತ್ತಿಯ ಮೇಲೆ ರಸ್ತೆ ಕೊರೆಯಲು ಅನುಮತಿ ಕೊಟ್ಟವರು ಯಾರು ಎಂದೂ ಕೇಳಬೇಕು.

ಮಳೆ ಹೆಚ್ಚಾದಾಗಲೂ ಇದೇ ಸಬೂಬು ಮರಳುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದಿತು. ಎರಡೂ ಕಡೆ ವಿಪರೀತ ಮಳೆಯೆಂಬ ವಿವರಣೆ ಬಂದಿತು. ಮಳೆ ವಿಪರೀತವಾಗಿತ್ತು, ನಿಜ. ಗುಡ್ಡದ ಬುಡವನ್ನು ನೇರವಾಗಿ ಕಡಿದದ್ದು ಮಳೆಯಲ್ಲ. ಪಶ್ಚಿಮ ಘಟ್ಟದ ಸೂಕ್ಷ್ಮತೆಯ ಕುರಿತು ಮಾಧವ ಗಾಡ್ಗೀಳ್ ಸಮಿತಿ 2011ರಲ್ಲೇ ವರದಿ ಕೊಟ್ಟು, ಅದನ್ನು ಗ್ರಾಮಸಭೆಗಳ ಮುಂದಿಟ್ಟು ತೀರ್ಮಾನಿಸಬೇಕೆಂದಿತ್ತು. ಆ ವರದಿಯನ್ನು ಹಳ್ಳಿಗಳಿಗೆ ಕನ್ನಡದಲ್ಲಿ ತಲುಪಿಸುವ ಮೊದಲೇ ಅದರ ಬಗ್ಗೆ ಭಯ ತಲುಪಿಸಲಾಯಿತು.

ಮಲೆನಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ಇನ್ನು ಮುಂದೆ ಬರದ ಘೋಷಣೆಯ ಜೊತೆ ಎಲ್ ನಿನೋ ಹೆಸರು ಕೇಳಿದಾಗ ಸುಮ್ಮನಾಗಬಾರದು. ಕಡಲು ಎಷ್ಟು ಕಡಿಮೆ ಕೊಟ್ಟಿತು, ಕೊಟ್ಟದ್ದರಲ್ಲಿ ಎಷ್ಟನ್ನು ಬೆಟ್ಟ ಹಿಡಿದುಕೊಂಡಿತು ಎಂದು ಎರಡು ಪ್ರಶ್ನೆ ಬೇರೆಬೇರೆಯಾಗಿ ಕೇಳಬೇಕು. ಉತ್ತರ ಸಿಗುವುದಕ್ಕೆ ಲೆಕ್ಕ ಕೈಯಲ್ಲಿರಬೇಕು. ಪ್ರತಿ ಶಾಲೆಯಲ್ಲಿ ಮಳೆಮಾಪಕವಿಡಬಹುದು. ಆರಿದ್ರಾದಿಂದ ಸ್ವಾತಿಯವರೆಗೆ ಯಾವ ಮಳೆ ಎಷ್ಟು ಬಂದಿತೆಂದು, ಊರಿನ ಹಳ್ಳ ಯಾವ ತಿಂಗಳು ಬತ್ತಿತೆಂದು, ಆ ಹಳ್ಳದ ನೆತ್ತಿಯಲ್ಲಿ ಆ ವರ್ಷ ಎಷ್ಟು ಕಾಡು ಹೋಯಿತೆಂದು ಬರೆದಿಡಬಹುದು. ಮನೌಸಿನ ಬಂದರಿನಲ್ಲಿ 1902ರಿಂದ ಅಂಕಿ ಬರೆದಿಟ್ಟದ್ದರಿಂದಲೇ 2023ರಲ್ಲಿ ಯಾರೂ ಸುಳ್ಳು ಹೇಳಲಾಗಲಿಲ್ಲ. ಮಳೆ ಸರಾಸರಿ ಬಂದ ವರ್ಷದಲ್ಲೂ ಹಳ್ಳ ಬೇಗ ಬತ್ತಿದರೆ ಅಪರಾಧಿ ಕಡಲಲ್ಲ. ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಬಿಡಿಸಿಟ್ಟು, ಮುಂದಿನ ರಸ್ತೆಗೆ, ಮುಂದಿನ ನೆಡುತೋಪಿಗೆ, ಮುಂದಿನ ಕಾಲುವೆಗೆ ಒಪ್ಪಿಗೆ ಕೇಳಿ ಬರುವ ಅಧಿಕಾರಿಗೆ ಮೊದಲು ಅದನ್ನು ಓದಿಸಬೇಕು.